ಅತ್ತಿ, ಬಸರಿ, ಆಲ: ಮರ ಕಡಿಯುವ ಮುನ್ನ ಇಡಬೇಕಾದ ಲೆಕ್ಕ, ಹೊಸ ಗಿಡ ಎಬ್ಬಿಸುವ ಕ್ರಮ

ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ ಅಂತ ಗಾದೆ. ಗಾದೆ ಕಟ್ಟಿದವರು ಕಂಡದ್ದು ಸರಿ, ಹೇಸಿಗೆಪಟ್ಟದ್ದು ತಪ್ಪು. ಆ ಹುಳ ಒಳಗೆ ಹೊಕ್ಕಿರದಿದ್ದರೆ ಬಿಚ್ಚಿ ನೋಡುವುದಕ್ಕೆ ಹಣ್ಣೇ ಇರುತ್ತಿರಲಿಲ್ಲ. ಕಾಯಿ ಬಟಾಣಿ ಗಾತ್ರದಲ್ಲೇ ಉದುರಿ ಹೋಗುತ್ತಿತ್ತು.

ಕಾಫಿ ತೋಟ, ಬೆಟ್ಟ, ಗೋಮಾಳ, ಕೆರೆ ಏರಿ, ದೇವಸ್ಥಾನದ ಕಟ್ಟೆ, ಎಲ್ಲೇ ಆಗಲಿ ಅತ್ತಿ, ಬಸರಿ, ಗೋಣಿ, ಆಲ, ಅರಳಿ ಮರಗಳನ್ನು ನೋಡಿಕೊಳ್ಳುವವರಿಗೆ ಬೇಕಾದ ವಿವರ ಇಲ್ಲಿದೆ. ಈ ಮರಗಳ ವಿಷಯದಲ್ಲಿ ಎಷ್ಟು ಮರ ಇವೆ ಅನ್ನುವಷ್ಟೇ ಮುಖ್ಯ, ಯಾವ ಮರ ಯಾವ ತಿಂಗಳಲ್ಲಿ ಹಣ್ಣು ಬಿಡುತ್ತದೆ ಅನ್ನುವುದು. ಇದು ಗೊತ್ತಿಲ್ಲದೆ ಕಡಿದರೂ ತೊಂದರೆ, ಗೊತ್ತಿಲ್ಲದೆ ನೆಟ್ಟರೂ ಅರ್ಧ ಕೆಲಸವೇ.

ಕಾಯಿಯ ಒಳಗೆ ನಡೆಯುವುದು

ಅತ್ತಿ ಹೂ ಕಂಡವರಿಲ್ಲ ಎನ್ನುತ್ತಾರೆ. ಹೂ ಇದೆ, ಕಾಯಿಯ ಒಳಗೇ ಇದೆ. ನಾವು ಕಾಯಿ ಅನ್ನುವುದು ಒಳಮುಖವಾಗಿ ಮಡಚಿಕೊಂಡ ಹೂಗೊಂಚಲು. ಅದರ ತುದಿಯಲ್ಲಿ ಹೊಕ್ಕುಳಿನಂಥ ಒಂದು ಕಿಂಡಿ. ಸುಮಾರು ಎರಡು ಮಿಲಿಮೀಟರ್ ಉದ್ದದ ಹೆಣ್ಣು ಕಣಜ ಆ ಕಿಂಡಿಯಲ್ಲಿ ನುಗ್ಗುತ್ತದೆ. ದಾರಿ ಎಷ್ಟು ಇಕ್ಕಟ್ಟೆಂದರೆ ರೆಕ್ಕೆ ಕಿತ್ತುಹೋಗುತ್ತವೆ, ಮೀಸೆ ಮುರಿಯುತ್ತದೆ. ಮತ್ತೆ ಹೊರಗೆ ಬರುವ ಮಾತಿಲ್ಲ. ಒಳಗೆ ಕೆಲವು ಹೂಗಳಲ್ಲಿ ಮೊಟ್ಟೆ ಇಡುತ್ತದೆ, ತಾನು ಹೊತ್ತು ತಂದ ಪರಾಗವನ್ನು ಉಳಿದ ಹೂಗಳಿಗೆ ಸವರುತ್ತದೆ, ಅಲ್ಲೇ ಸಾಯುತ್ತದೆ. ಮೊಟ್ಟೆ ಇಟ್ಟ ಹೂಗಳಲ್ಲಿ ಮರಿ ಕಣಜ, ಪರಾಗ ಬಿದ್ದ ಹೂಗಳಲ್ಲಿ ಬೀಜ. ಒಂದು ತಿಂಗಳ ಆಸುಪಾಸಿನಲ್ಲಿ (ಚಳಿಗಾಲದಲ್ಲಿ ಇನ್ನೂ ತಡ) ಮರಿಗಳು ಬಲಿಯುತ್ತವೆ. ರೆಕ್ಕೆಯಿಲ್ಲದ ಗಂಡುಗಳು ಕಾಯಿಯ ಗೋಡೆ ಕೊರೆದು ದಾರಿ ಮಾಡಿಕೊಟ್ಟು ಸಾಯುತ್ತವೆ. ರೆಕ್ಕೆಯುಳ್ಳ ಹೆಣ್ಣುಗಳು ಪರಾಗ ಮೈಗೆ ಹಚ್ಚಿಕೊಂಡು ಹಾರುತ್ತವೆ. ಅದಾದ ಮೇಲೆ ಕಾಯಿ ಮೆತ್ತಗಾಗಿ, ಕೆಂಪಾಗಿ, ಹಣ್ಣಾಗುತ್ತದೆ.

ಹೊರಬಂದ ಹೆಣ್ಣಿನ ಆಯಸ್ಸು ಒಂದೆರಡು ದಿನ. ಅಷ್ಟರಲ್ಲಿ ತನ್ನದೇ ಜಾತಿಯ ಇನ್ನೊಂದು ಮರ, ಅದೂ ಸರಿಯಾದ ಹದದ ಎಳೆಗಾಯಿ ಹೊತ್ತ ಮರ, ಸಿಗಬೇಕು. ಹೆಚ್ಚಾಗಿ ಒಂದು ಮರದ ಕಾಯೆಲ್ಲ ಒಟ್ಟಿಗೇ ಬಲಿಯುವುದರಿಂದ ತಾನು ಹುಟ್ಟಿದ ಮರದಲ್ಲೇ ಜಾಗ ಸಿಗುವುದು ಕಷ್ಟ. ಜಾತಿ ಬದಲಿಸುವಂತೆಯೂ ಇಲ್ಲ. ಅತ್ತಿಯ ಕಣಜ ಆಲಕ್ಕೆ ಹೋಗದು, ಆಲದ್ದು ಅರಳಿಗೆ ಹೋಗದು. ಅಂಜೂರ ನೆಟ್ಟರೂ ಪ್ರಯೋಜನವಿಲ್ಲ. ನಾವು ಬೆಳೆಸುವ ಅಂಜೂರ ಕಣಜದ ಹಂಗಿಲ್ಲದೆ ಹಣ್ಣಾಗುವ ತಳಿ.

ಹಾಗಾಗಿ ಒಂದು ಸೀಮೆಯಲ್ಲಿ ಒಂದು ಜಾತಿಯ ಕಣಜ ವರ್ಷವಿಡೀ ಉಳಿಯಬೇಕಾದರೆ ಆ ಜಾತಿಯ ಮರಗಳು ಸರದಿಯಲ್ಲಿ ಕಾಯಿ ಬಿಡುತ್ತಲೇ ಇರಬೇಕು. 1990ರಲ್ಲಿ ಪ್ರಕಟವಾದ ಒಂದು ಕಂಪ್ಯೂಟರ್ ಲೆಕ್ಕಾಚಾರದಲ್ಲಿ, ನಾಲ್ಕು ವರ್ಷ ಸರದಿ ತಪ್ಪದಿರಲು ಒಂದೇ ಜಾತಿಯ ಸುಮಾರು 95 ಮರ ಬೇಕೆಂದು ಬಂತು. ಒಂದು ತೋಟಕ್ಕೆ ಇದು ದೊಡ್ಡ ಸಂಖ್ಯೆ, ಒಂದು ಹೋಬಳಿಗೆ ಅಲ್ಲ. ಸರದಿ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಬೋರ್ನಿಯೋದ ಲಂಬೀರ್ ಹಿಲ್ಸ್ ಕಾಡು ಸಾಕ್ಷಿ. 1998ರ ಮೊದಲ ತಿಂಗಳುಗಳ ಬರಗಾಲಕ್ಕೆ ಅಲ್ಲಿ ಅತ್ತಿ ಬಳಗದ ಹಲವು ಮರಗಳು ಕಾಯಿ ಕಟ್ಟಲಿಲ್ಲ. ಮರಗಳು ಬದುಕಿಕೊಂಡವು, ಅವುಗಳ ಕಣಜಗಳು ಆ ಕಾಡಿನಿಂದ ಕಾಣೆಯಾದವು.

ಗಾಳಿಯ ಸಹಾಯ ಒಂದಿದೆ. ನಮೀಬಿಯಾದ ಉಗಾಬ್ ನದಿ ದಂಡೆಯ ಅತ್ತಿ ಬಳಗದ ಜಾತಿಯೊಂದರ ಕಣಜಗಳು 160 ಕಿಲೋಮೀಟರ್ ತನಕ ತೇಲಿ ಹೋದದ್ದು ದಾಖಲಾಗಿದೆ. ಬಯಲಲ್ಲಿ ಒಂಟಿಯಾಗಿ ನಿಂತ ಮರವೂ ದಂಡವಲ್ಲ ಅನ್ನುವುದಕ್ಕೆ ಇದೇ ಆಧಾರ. ಆದರೆ ಗಾಳಿಯನ್ನು ನಂಬಿ ಹತ್ತಿರದ ಮರ ಕಡಿಯುವುದು ಜಾಣತನವಲ್ಲ.

ಮರ ಹೋದರೆ ಜೊತೆಗೆ ಹೋಗುವವರು

ಕಾಡಿನಲ್ಲಿ ಉಳಿದ ಹಣ್ಣುಗಳಿಗೆ ಕಾಲ ಇದೆ. ನೇರಳೆ, ಹಲಸು, ಹೆಬ್ಬಲಸು, ಮುರುಗಲು, ಎಲ್ಲ ಬಂದು ಮುಗಿಯುತ್ತವೆ. ಅತ್ತಿ ಬಳಗದ ಮರಗಳು ತಮ್ಮ ಕಣಜಕ್ಕಾಗಿ ವರ್ಷವಿಡೀ ಸರದಿಯಲ್ಲಿ ಹಣ್ಣು ಬಿಡುವುದರಿಂದ ಬೇರೇನೂ ಇಲ್ಲದ ತಿಂಗಳಲ್ಲಿ ಇವೇ ಅನ್ನ. ಜಗತ್ತಿನಲ್ಲಿ 1,200ಕ್ಕೂ ಹೆಚ್ಚು ಜಾತಿಯ ಹಕ್ಕಿ ಮತ್ತು ಸಸ್ತನಿಗಳು ಈ ಬಳಗದ ಹಣ್ಣು ತಿನ್ನುವುದು ದಾಖಲಾಗಿದೆ. ನಮ್ಮಲ್ಲಿ ಮಂಗಟ್ಟೆ, ಕುಟ್ರು, ಹಸಿರು ಪಾರಿವಾಳ, ಕೋಗಿಲೆ, ಬಾವಲಿ, ಕೆಂಜಳಿಲು, ಸಿಂಗಳೀಕ, ಪುನುಗು ಬೆಕ್ಕು, ಕರಡಿ, ನೆಲಕ್ಕೆ ಬಿದ್ದದ್ದಕ್ಕೆ ಕಾಡುಕುರಿ, ಹೊಳೆಗೆ ಬಿದ್ದದ್ದಕ್ಕೆ ಮೀನು. ಮೂಳೆಗೂ ಮೊಟ್ಟೆಯ ಚಿಪ್ಪಿಗೂ ಬೇಕಾದ ಸುಣ್ಣದಂಶ ಬೇರೆ ಕಾಡುಹಣ್ಣುಗಳಿಗಿಂತ ಈ ಹಣ್ಣುಗಳಲ್ಲಿ ಬಹಳ ಹೆಚ್ಚು.

ಮಂಗಟ್ಟೆಯ ಕೊಂಡಿ ಹಿಡಿದು ನೋಡಿ. ಪಶ್ಚಿಮಘಟ್ಟದ ನಮ್ಮ ಕಾಡುಗಳಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ಕಾಳಿ ನದಿಯ ದಂಡೆಯಲ್ಲಿ ಅವುಗಳಿಗೆಂದೇ 2011ರಲ್ಲಿ ದಾಂಡೇಲಿ ಮಂಗಟ್ಟೆ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಮರಿ ಮಾಡುವ ಕಾಲದಲ್ಲಿ ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಬಿಟ್ಟ ಸೀಳಿನಲ್ಲಿ ಗಂಡು ಹಣ್ಣು ತಂದು ತುರುಕಬೇಕು. ಅದರಲ್ಲಿ ದೊಡ್ಡ ಪಾಲು ಅತ್ತಿ ಬಳಗದ್ದು. ಆ ವಾರಗಳಲ್ಲಿ ಹಾರಿ ಹೋಗಿ ಬರುವ ದೂರದಲ್ಲಿ ಹಣ್ಣಿನ ಮರ ಇಲ್ಲದಿದ್ದರೆ ಗಂಡು ಎಷ್ಟು ಸುತ್ತಿದರೂ ಸಾಲದು. ಮಂಗಟ್ಟೆ ಕಡಿಮೆಯಾದರೆ ರಾಮಪತ್ರೆ, ಧೂಪದಂಥ ದೊಡ್ಡ ಬೀಜದ ಮರಗಳಿಗೆ ಹೊರೆ ಬೀಳುತ್ತದೆ. ಆ ಬೀಜ ಇಡಿಯಾಗಿ ನುಂಗಿ ದೂರ ಒಯ್ದು ಕಕ್ಕುವಷ್ಟು ಅಗಲ ಗಂಟಲಿನ ಹಕ್ಕಿಗಳು ಕಾಡಿನಲ್ಲಿ ಬೆರಳೆಣಿಕೆ. ಅತ್ತಿ ಕಡಿದವರಿಗೆ ರಾಮಪತ್ರೆ ಸಸಿ ಯಾಕೆ ತಾಯಿಮರದ ಬುಡದಲ್ಲೇ ಹುಟ್ಟಿ ಸಾಯುತ್ತಿದೆ ಅನ್ನುವುದು ಹೊಳೆಯುವುದೇ ಇಲ್ಲ, ಯಾಕೆಂದರೆ ಎರಡರ ನಡುವೆ ಇಪ್ಪತ್ತು ವರ್ಷ ಇರುತ್ತದೆ.

ಕಾಫಿ ತೋಟಗಳಲ್ಲಿ ಇದು ಸಿಲ್ವರ್ ಓಕ್ ಮೂಲಕ ನಡೆಯುತ್ತಿದೆ. ಆಸ್ಟ್ರೇಲಿಯಾದ ಈ ಮರ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ನೇರ ಕಂಬ, ಕಡಿಯಲು ಅನುಮತಿಯ ರಗಳೆ ಇಲ್ಲ. ಬೆಳೆಗಾರರ ಲೆಕ್ಕ ಅರ್ಥವಾಗುವಂಥದ್ದೇ. ಆದರೆ ಅದರ ಹೂವಿನ ಮಕರಂದ ಬಿಟ್ಟರೆ ಹಕ್ಕಿಗೆ ತಿನ್ನಲು ಅಲ್ಲಿ ಏನೂ ಇಲ್ಲ. ಎಕರೆಗೆ ಎರಡು ಬಸರಿ ಅಥವಾ ಅತ್ತಿ ಉಳಿಸಿಕೊಂಡು ಉಳಿದಲ್ಲಿ ಸಿಲ್ವರ್ ಓಕ್ ಇಟ್ಟುಕೊಂಡರೂ ಪೂರ್ತಿ ಬೋಳಿಸುವುದಕ್ಕಿಂತ ಎಷ್ಟೋ ಮೇಲು.

ಮೊದಲ ವರ್ಷ: ಪುಸ್ತಕ ಮತ್ತು ಬಣ್ಣದ ಡಬ್ಬಿ

ತೋಟದಲ್ಲಿ ಮತ್ತು ಸುತ್ತ ಒಂದು ಕಿಲೋಮೀಟರಿನಲ್ಲಿ ಇರುವ ಈ ಬಳಗದ ಪ್ರತಿ ಮರಕ್ಕೂ ಎದೆಯೆತ್ತರದಲ್ಲಿ ಬಣ್ಣದಿಂದ ನಂಬರು ಹಾಕಿ. ಮೊಳೆ ಹೊಡೆಯಬೇಡಿ, ಹಾಲು ಸೋರುತ್ತದೆ, ಗಾಯದಲ್ಲಿ ಬೂಸ್ಟು ಕೂರುತ್ತದೆ. ಪುಸ್ತಕದಲ್ಲಿ ನಂಬರಿನ ಎದುರು ಜಾತಿ, ಎದೆಯೆತ್ತರದ ಸುತ್ತಳತೆ, ಜಾಗ. ನಂತರ ತಿಂಗಳಿಗೆ ಎರಡು ಸಲ, 1ನೇ ಮತ್ತು 15ನೇ ತಾರೀಕು ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ, ಪ್ರತಿ ಮರಕ್ಕೆ ಒಂದೇ ಅಂಕಿ ಬರೆಯಿರಿ:

0: ಕಾಯಿ ಇಲ್ಲ
1: ಬಟಾಣಿ ಗಾತ್ರದ ಎಳೆಗಾಯಿ
2: ಗಟ್ಟಿ ಹಸಿರು ಕಾಯಿ
3: ಹಣ್ಣು
4: ಸುರಿದು ಮುಗಿದಿದೆ

ಅತ್ತಿಯಲ್ಲಿ ಕಾಂಡ ಮತ್ತು ದಪ್ಪ ಕೊಂಬೆ ನೋಡಿದರೆ ಸಾಕು, ಕಾಯಿ ಅಲ್ಲೇ ಗೊಂಚಲಾಗಿ ಬರುತ್ತದೆ. ಆಲ, ಅರಳಿ, ಬಸರಿ, ಗೋಣಿಯಲ್ಲಿ ಎಲೆಯ ಬುಡದಲ್ಲಿ ಕೂತಿರುತ್ತದೆ, ನೆಲದಿಂದ ಕಾಣದು. ಬೈನಾಕ್ಯುಲರ್ ಇಲ್ಲದಿದ್ದರೆ ಮರದ ಕೆಳಗೆ ಬಿದ್ದದ್ದನ್ನು ನೋಡಿ ಬರೆಯಿರಿ.

ಹನ್ನೆರಡು ತಿಂಗಳಾದ ಮೇಲೆ ಪುಟ ಅಡ್ಡಲಾಗಿ ಓದಿ. ಯಾವ ತಿಂಗಳಲ್ಲಿ ಒಂದೂ ಮರಕ್ಕೆ 3 ಬಿದ್ದಿಲ್ಲವೋ ಅದು ನಿಮ್ಮ ಸೀಮೆಯ ಹಸಿವಿನ ತಿಂಗಳು. ಯಾವ ತಿಂಗಳಲ್ಲಿ ಒಂದೇ ಮರಕ್ಕೆ 3 ಬಿದ್ದಿದೆಯೋ ಆ ಮರ ಎಷ್ಟೇ ಸೊಟ್ಟಗಿರಲಿ, ಎಷ್ಟೇ ಕಾಫಿ ಗಿಡ ಮುಚ್ಚುತ್ತಿರಲಿ, ಮುಟ್ಟಬಾರದು. ಕಡಿಯಲೇಬೇಕಾದ ಅನಿವಾರ್ಯ ಬಂದರೆ ಒಂದೇ ಹೊತ್ತಿಗೆ ಹಣ್ಣಾಗುವ ನಾಲ್ಕೈದು ಮರಗಳಲ್ಲಿ ಒಂದನ್ನು ಆರಿಸಿ. ಸುತ್ತಳತೆ ದೊಡ್ಡದಿರುವುದನ್ನು ಉಳಿಸಿ, ಪೊಟರೆ ಇದ್ದರಂತೂ ಖಂಡಿತ. ಎರಡು ವರ್ಷ ಬರೆದರೆ ಇನ್ನೂ ನಂಬಿಕಸ್ತ, ಯಾಕೆಂದರೆ ಮಳೆ ಹಿಂದುಮುಂದಾದರೆ ಮರದ ಸರದಿಯೂ ಅಲುಗುತ್ತದೆ. ಮತ್ತೆ, ಕಡಿಯುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್‌ಗೆ ಇರುವ ವಿನಾಯಿತಿ ಅತ್ತಿ, ಆಲಗಳಿಗೆ ಇಲ್ಲ.

ಪುಸ್ತಕದಲ್ಲಿ 1 ಬಂದು ನೇರ 0ಕ್ಕೆ ಇಳಿದರೆ ಕಾಯಿ ಎಳೆಯದರಲ್ಲೇ ಉದುರಿದೆ ಎಂದರ್ಥ. ಕಾರಣ ಎರಡು ಇರಬಹುದು: ಬಿಸಿಲು-ಮಳೆಯ ಏಟು, ಇಲ್ಲವೇ ಕಣಜ ಬಂದಿಲ್ಲ. ಪತ್ತೆ ಹಚ್ಚುವುದು ಸುಲಭ. ಉದುರಿದ ಹತ್ತು ಎಳೆಗಾಯಿ ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಭೂತಗನ್ನಡಿಯಲ್ಲಿ ನೋಡಿ. ರೆಕ್ಕೆ ಕಳಚಿದ ಸತ್ತ ಕಣಜ ಒಳಗಿದ್ದರೆ ಅದು ಬಂದು ತನ್ನ ಕೆಲಸ ಮಾಡಿದೆ, ಉದುರಿದ್ದಕ್ಕೆ ಕಾರಣ ಬೇರೆ. ಹತ್ತರಲ್ಲಿ ಒಂದರಲ್ಲೂ ಇಲ್ಲದಿದ್ದರೆ ಆ ಹೊತ್ತಿಗೆ ಸುತ್ತಮುತ್ತ ಅದೇ ಜಾತಿಯ ಮರ ಕಣಜ ಬಿಡುತ್ತಿರಲಿಲ್ಲ, ಅಥವಾ ಬಿಟ್ಟ ಕಣಜ ದಾರಿಯಲ್ಲಿ ಸತ್ತಿತು.

ಕಾಯಿಯ ಹೊರಮೈಯಲ್ಲಿ ಕೂತು ಕೂದಲಿನಂಥ ಉದ್ದ ಬಾಲ ಚುಚ್ಚುತ್ತಿರುವ ಕಣಜ ಕಂಡು ಸಮಾಧಾನಪಡಬೇಡಿ. ಅವು ಬೇರೆ ಜಾತಿ, ಹೊರಗಿನಿಂದಲೇ ಮೊಟ್ಟೆ ಇಟ್ಟು ಹೋಗುವ ಪರಾವಲಂಬಿಗಳು. ಪರಾಗ ತರುವುದು ಒಳಗೆ ನುಗ್ಗುವುದು ಮಾತ್ರ. ಹಾಗೆಂದು ಇವನ್ನು ಓಡಿಸಲು ಔಷಧಿ ಹೊಡೆಯುವುದೂ ಬೇಡ. ಚಗಳಿ ಇರುವೆ ಕೊಂಬೆಯಲ್ಲಿದ್ದರೆ ತಕ್ಕಮಟ್ಟಿಗೆ ಅದೇ ನೋಡಿಕೊಳ್ಳುತ್ತದೆ.

ಗರಗತ್ತಿ ಮತ್ತು ಕಾಡತ್ತಿಯ ವಿಷಯದಲ್ಲಿ ಇನ್ನೊಂದು ಎಚ್ಚರ. ಇವುಗಳಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬಲಿತ ಕಾಯಿ ಸೀಳಿದಾಗ ಕಣಜವೂ ಹಳದಿ ಪುಡಿಯೂ ಇದ್ದರೆ ಗಂಡು, ಬರೀ ಬೀಜ ತುಂಬಿದ್ದರೆ ಹೆಣ್ಣು. ಗಂಡು ಮರದ ಕಾಯಿಗೆ ಹಕ್ಕಿ ಅಷ್ಟಾಗಿ ಬರುವುದಿಲ್ಲವಾದ್ದರಿಂದ ಅದು ಕೆಲಸಕ್ಕೆ ಬಾರದ ಮರ ಎಂದು ಮೊದಲು ಕೊಡಲಿ ಬೀಳುವುದು ಅದಕ್ಕೇ. ಕಣಜ ಬೆಳೆಯುವುದು ಮಾತ್ರ ಆ ಗಂಡಿನಲ್ಲೇ. ಗಂಡು ಹೋದ ಮೇಲೆ ಹೆಣ್ಣು ಮರ ಬಂಜೆ.

ಮರಗಸಿ (ನೆರಳಿನ ಕೊಂಬೆ ಸವರುವುದು) ಮಾಡುವಾಗ

ಕಡಿಯದೆ ನೆರಳು ಹದ ಮಾಡಿಕೊಳ್ಳಲು ಜಾಗ ಇದೆ. ಒಂದು ಸಲಕ್ಕೆ ಮರದ ಹರವಿನಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಎಲ್ಲಾ ಮರಗಳನ್ನೂ ಒಂದೇ ವರ್ಷ ಸವರುವ ಬದಲು ಮೂರು ಗುಂಪು ಮಾಡಿ ಮೂರು ವರ್ಷಕ್ಕೊಂದು ಸುತ್ತು ಇಟ್ಟುಕೊಳ್ಳಿ. ಪುಸ್ತಕದಲ್ಲಿ 1, 2, 3 ಇರುವ ಮರಕ್ಕೆ ಆ ತಿಂಗಳು ಕತ್ತಿ ಬೇಡ. 0 ಅಥವಾ 4 ಬಂದ ಮೇಲೆ ಹತ್ತಿಸಿ.

ಅತ್ತಿಯಲ್ಲಿ ಆಳುಗಳು ಮಾಡುವ ಒಂದು ತಪ್ಪು ಬಹಳ ಸಾಮಾನ್ಯ. ಕಾಂಡದ ಮೇಲೆ ಗಂಟುಗಂಟಾಗಿ ಎಲೆಯಿಲ್ಲದ ಚಿಕ್ಕ ಕಡ್ಡಿಗಳು ಇರುತ್ತವೆ, ಮರ ಹತ್ತಲು ಅಡ್ಡಿ ಎಂದು ಅವನ್ನು ಸವರಿ ಬಿಡುತ್ತಾರೆ. ಕಾಯಿ ಕಟ್ಟುವುದು ಆ ಕಡ್ಡಿಗಳಲ್ಲೇ. ಸವರಿದ ಮರ ಮತ್ತೆ ಗೊಂಚಲು ಬಿಡಲು ವರ್ಷಗಳೇ ಬೇಕು. ಕೆಲಸ ಶುರುವಾಗುವ ಮೊದಲು ತೋರಿಸಿ ಹೇಳಿ. ಆಲ, ಬಸರಿಗಳಲ್ಲಿ ಕಾಯಿ ಎಳೆ ಕೊಂಬೆಗಳ ಎಲೆ ಬುಡದಲ್ಲಿ ಬರುವುದರಿಂದ ಹೊರಸುತ್ತು ಪೂರ್ತಿ ಬೋಳಿಸಿದರೆ ಆ ಫಸಲು ಹೋಯಿತು. ಒಂದು ಪಾರ್ಶ್ವ ಮುಟ್ಟದೆ ಬಿಡಿ. ಕೊಂಬೆ ಕೆಳಗಿನಿಂದ ಮೊದಲು ಕಾಲು ಭಾಗ ಕಚ್ಚು ಹಾಕಿ, ನಂತರ ಮೇಲಿನಿಂದ ಕಡಿಯಿರಿ. ಇಲ್ಲದಿದ್ದರೆ ಬೀಳುವಾಗ ಕಾಂಡದ ತೊಗಟೆ ಸುಲಿದುಕೊಂಡು ಬರುತ್ತದೆ, ಅಲ್ಲಿಂದ ಕೊಳೆ ಶುರು.

ಗಿಡ ಎಬ್ಬಿಸುವ ಮೂರು ದಾರಿ

ಎಲ್ಲಕ್ಕಿಂತ ಅಗ್ಗದ ನರ್ಸರಿ ಹಳೇ ಗೋಡೆ. ಬಾವಿಯ ಕಲ್ಲು ಸಂದಿ, ಮೋರಿ, ದೇವಸ್ಥಾನದ ಗೋಪುರ, ತೆಂಗು ಬೈನೆಯ ತಲೆ, ಹಕ್ಕಿ ಹಿಕ್ಕೆ ಹಾಕಿದಲ್ಲೆಲ್ಲ ಅರಳಿ, ಆಲ, ಬಸರಿ ಹುಟ್ಟಿರುತ್ತವೆ. ಕಟ್ಟಡಕ್ಕೆ ಹೇಗೂ ಅವು ಅಪಾಯ, ತೆಗೆಯಲೇಬೇಕು. ಎರಡು ಮೂರು ಮಳೆ ಬಿದ್ದ ಮೇಲೆ, ಗೇಣುದ್ದದ ಒಳಗಿರುವಾಗ, ಸಂದಿಯ ಗಾರೆ ಉಳಿಯಿಂದ ಸಡಿಲಿಸಿ ಬೇರಿನ ಸಮೇತ ಎಳೆಯಿರಿ. ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಅದೇ ದಿನ ಮಣ್ಣಿನ ಚೀಲಕ್ಕೆ ಹಾಕಿ, ಎಲೆಗಳಲ್ಲಿ ಅರ್ಧ ಕತ್ತರಿಸಿ, ಮೂರು ವಾರ ನೆರಳಲ್ಲಿಡಿ. ಬೇರು ಪೂರ್ತಿ ಬರದೆ ತುಂಡಾದರೂ ಚಿಂತೆಯಿಲ್ಲ, ಇವು ಗಟ್ಟಿ ಜಾತಿ. ಇನ್ನೊಂದು ಲಾಭ, ಒಂದೊಂದು ಗಿಡವೂ ಬೇರೆ ಬೇರೆ ಬೀಜದ್ದು.

ಬೀಜದಿಂದ ಮಾಡುವುದಾದರೆ ತಾನಾಗಿ ಉದುರಿದ ಮೆತ್ತನೆ ಹಣ್ಣು ಆರಿಸಿ. ಕಣಜ ಹೊರಬಂದ ತೂತು ಇರಬೇಕು. ಕನಿಷ್ಠ ಐದಾರು ಮರಗಳ ಹಣ್ಣು ಬೆರೆಸಿ. ಬಕೆಟ್ ನೀರಿನಲ್ಲಿ ಹಿಸುಕಿ, ಸಣ್ಣ ಜರಡಿಯಲ್ಲಿ ತಿರುಳು ತೊಳೆಯಿರಿ. ತೇಲುವುದು ಜೊಳ್ಳು ಮತ್ತು ಕಣಜದ ಖಾಲಿ ಗೂಡು, ಚೆಲ್ಲಿ. ಮುಳುಗಿದ್ದು ಬೀಜ. ಕಾಗದದ ಮೇಲೆ ನೆರಳಲ್ಲಿ ಒಂದು ದಿನ ಆರಿಸಿ, ಬೇಗ ಬಿತ್ತಿ. ಟ್ರೇ ಅಥವಾ ತೂತು ಮಾಡಿದ ಡಬ್ಬಿಯಲ್ಲಿ ಎರಡು ಪಾಲು ಸಣ್ಣ ಮರಳು, ಒಂದು ಪಾಲು ಜರಡಿ ಹಿಡಿದ ಗೊಬ್ಬರ, ಒಂದು ಪಾಲು ಇಟ್ಟಿಗೆ ಪುಡಿ. ಬಿತ್ತುವ ಮೊದಲು ಕುದಿಯುವ ನೀರು ಸುರಿದು ಆರಿಸಿಕೊಳ್ಳಿ, ಪಾಚಿ ಮತ್ತು ಕೊಳೆರೋಗ ಕಡಿಮೆಯಾಗುತ್ತದೆ. ಬೀಜ ಸಾಸಿವೆಗಿಂತ ಸಣ್ಣದು, ಒಣ ಮರಳಿನಲ್ಲಿ ಬೆರೆಸಿ ಮೇಲ್ಮೈಗೆ ಉದುರಿಸಿ. ಮಣ್ಣು ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ಹೆಚ್ಚಿನವರ ಬೀಜ ಹುಟ್ಟದಿರುವುದು ಇಲ್ಲೇ. ನೀರು ಮೇಲಿನಿಂದ ಸುರಿದರೆ ಬೀಜ ಮೂಲೆಗೆ ತೇಲಿ ಗುಡ್ಡೆಯಾಗುತ್ತದೆ, ಟ್ರೇಯನ್ನು ನೀರಿನ ತಟ್ಟೆಯಲ್ಲಿ ಇಟ್ಟು ಕೆಳಗಿನಿಂದ ಹೀರಲು ಬಿಡಿ. ಮೇಲೆ ಗಾಜು ಅಥವಾ ತಿಳಿ ಪ್ಲಾಸ್ಟಿಕ್ ಹಾಸಿ, ದಿನಕ್ಕೊಮ್ಮೆ ತೆಗೆದು ಗಾಳಿಯಾಡಿಸಿ. ಎರಡರಿಂದ ಆರು ವಾರದಲ್ಲಿ ಮೊಳೆಯುತ್ತವೆ. ಬುಡ ನೀರಾಗಿ ಸಸಿ ಮಲಗುತ್ತಿದ್ದರೆ ಮುಚ್ಚಳ ತೆಗೆದು ನೀರು ತಗ್ಗಿಸಿ. ನಾಲ್ಕು ಎಲೆ ಬಂದಾಗ ಬಿದಿರು ಕಡ್ಡಿಯಿಂದ ಎತ್ತಿ 6×9 ಇಂಚಿನ ಚೀಲಕ್ಕೆ, ನಾಲ್ಕೈದು ತಿಂಗಳಲ್ಲಿ 10×12ರ ಚೀಲಕ್ಕೆ. ಬೇರು ಚೀಲದೊಳಗೆ ಸುರುಳಿ ಸುತ್ತಲು ಬಿಟ್ಟರೆ ಮುಂದೆ ದೊಡ್ಡ ಗಾಳಿಗೆ ಮರ ಬುಡಸಮೇತ ಮಗುಚುತ್ತದೆ. ಎದೆಯೆತ್ತರಕ್ಕೆ ಬಂದ ಮೇಲೆ, ಅಂದರೆ ಎರಡನೇ ಮುಂಗಾರಿಗೆ, ಹೊರಗೆ ನೆಡಿ. ಗೇಣುದ್ದದ ಗಿಡ ನೆಟ್ಟರೆ ಕಳೆ ನುಂಗುತ್ತದೆ, ಉಳಿದದ್ದನ್ನು ದನ.

ಗೂಟ ಬೇಗದ ದಾರಿ. ಆಲ, ಬಸರಿ, ಗೋಣಿಗೆ ಚೆನ್ನಾಗಿ ಹಿಡಿಯುತ್ತದೆ. ಎಲೆ ಉದುರಿ ಹೊಸ ಚಿಗುರು ಹೊರಡುವ ಮೊದಲು ಕೊಂಬೆ ಕಡಿಯಿರಿ. ಎರಡರಿಂದ ಎರಡೂವರೆ ಮೀಟರ್ ಉದ್ದ, ಮೂರರಿಂದ ನಾಲ್ಕು ಇಂಚು ದಪ್ಪ. ಬುಡ ಓರೆಯಾಗಿ, ತುದಿ ನೇರವಾಗಿ ಕಡಿದರೆ ತಲೆ-ಬುಡ ಗೊಂದಲ ಆಗುವುದಿಲ್ಲ. ತಲೆಕೆಳಗಾಗಿ ನೆಟ್ಟ ಗೂಟಗಳು ಹೇಗೂ ಚಿಗುರುತ್ತವೆ ಎಂಬ ಮಾತನ್ನು ನಂಬಬೇಡಿ. ಹಾಲು ಸೋರಿ ಒಣಗಲು ನೆರಳಲ್ಲಿ ಒಂದೆರಡು ದಿನ ನಿಲ್ಲಿಸಿಡಿ. ತುದಿಗೆ ಸಗಣಿ ಮತ್ತು ಕೆಮ್ಮಣ್ಣು ಕಲಸಿ ಮೆತ್ತಿ, ಮೇಲೆ ಅಡಿಕೆ ಹಾಳೆ ಅಥವಾ ಪ್ಲಾಸ್ಟಿಕ್ ಕಟ್ಟಿ. ಮಳೆ ನೀರು ತುದಿಯಿಂದ ಇಳಿದರೆ ಗೂಟ ಒಳಗೇ ಕೊಳೆಯುತ್ತದೆ. ಹಾರೆಯಿಂದ ಎರಡಡಿ ಆಳ ತೂತು ಮಾಡಿ ಗೂಟ ಇಳಿಸಿ, ಮಣ್ಣು ಗಟ್ಟಿಯಾಗಿ ತುಳಿಯಿರಿ. ಸುತ್ತಿಗೆಯಿಂದ ಹೊಡೆದು ಇಳಿಸಿದರೆ ಬುಡದ ತೊಗಟೆ ಸುಲಿದು ಬೇರು ಬರುವ ಜಾಗವೇ ಹೋಗುತ್ತದೆ. ಮೊದಲ ಚಿಗುರು ಕಂಡು ಗೆದ್ದೆವು ಎಂದುಕೊಳ್ಳಬೇಡಿ. ಗೂಟದಲ್ಲಿ ಕೂಡಿಟ್ಟಿದ್ದ ಆಹಾರದ ಬಲದಿಂದಲೇ ಚಿಗುರಿ, ಬೇರಿಲ್ಲದೆ ಎರಡು ತಿಂಗಳಲ್ಲಿ ಒಣಗುವ ಗೂಟ ಬೇಕಾದಷ್ಟು. ಅಲುಗಿಸಿ ನೋಡುವ ಚಪಲವೂ ಬೇಡ, ಇದ್ದ ನಾಲ್ಕು ಬೇರೂ ಹರಿಯುತ್ತವೆ.

ಗೂಟದ ದೊಡ್ಡ ಕೊರತೆ ಬೇರೆಯದು. ಒಂದೇ ಮರದಿಂದ ಕಡಿದ ಇಪ್ಪತ್ತು ಗೂಟ ಎಂದರೆ ಒಂದೇ ಮರದ ಇಪ್ಪತ್ತು ಪ್ರತಿ. ಅವೆಲ್ಲ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಹಣ್ಣಾಗುವ ಸಂಭವ ಹೆಚ್ಚು. ಒಂದು ತಿಂಗಳು ಜಾತ್ರೆ, ಹನ್ನೊಂದು ತಿಂಗಳು ಉಪವಾಸ. ಕಣಜದ ಸರದಿಯೂ ಕೂಡುವುದಿಲ್ಲ. ಆದ್ದರಿಂದ ಪುಸ್ತಕ ತೆರೆದು, ನಿಮ್ಮ ಹಸಿವಿನ ತಿಂಗಳಿಗೆ ಹತ್ತಿರದಲ್ಲಿ ಹಣ್ಣಾಗುವ ಮರಗಳಿಂದ, ಒಂದೊಂದರಿಂದ ಎರಡು ಮೂರು ಗೂಟಕ್ಕಿಂತ ಹೆಚ್ಚು ತೆಗೆಯದೆ ಆರಿಸಿ. ಬೀಜದ ಗಿಡ ಅರ್ಧ, ಗೂಟ ಅರ್ಧ ಇಟ್ಟುಕೊಳ್ಳುವುದು ಒಳ್ಳೆಯದು.

ಜಾಗ, ಗುಂಡಿ, ನೀರು

ಅತ್ತಿಗೆ ಹಳ್ಳದ ದಂಡೆ, ಕೆರೆ ಕೋಡಿಯ ಕೆಳಗೆ. ಬಸರಿ ಮತ್ತು ಗೋಣಿ ತೋಟದೊಳಗೆ, ಮರದಿಂದ ಮರಕ್ಕೆ ಕನಿಷ್ಠ 50 ಅಡಿ. ಆಲ ಗೋಮಾಳಕ್ಕೆ ಮತ್ತು ಅಗಲ ರಸ್ತೆಬದಿಗೆ. ತೋಟದೊಳಗೆ ಆಲ ಇಟ್ಟರೆ ಮೊಮ್ಮಕ್ಕಳ ಬೈಗುಳ ಖಾತ್ರಿ. ಮನೆ, ಬಾವಿ, ಕಣದ ಕಾಂಕ್ರೀಟ್, ನೀರಿನ ಪೈಪಿನಿಂದ 60 ಅಡಿ ದೂರ ಇರಲಿ, ಬೇರು ತೇವ ಹುಡುಕಿಕೊಂಡು ಬರುತ್ತದೆ. ಕರೆಂಟ್ ತಂತಿಯ ಕೆಳಗೆ ಬೇಡವೇ ಬೇಡ, ಹತ್ತು ವರ್ಷಕ್ಕೆ ಲೈನ್‌ಮನ್ ಬಂದು ಅರ್ಧ ಮರ ಕಡಿಯುತ್ತಾನೆ. ಆನೆ ಓಡಾಡುವ ದಾರಿಯಲ್ಲೂ ಬೇಡ. ಅತ್ತಿ ಬಳಗದ ಕೊಂಬೆ, ತೊಗಟೆ ಆನೆಗೆ ಬಹಳ ಇಷ್ಟ, ಎಳೆ ಮರ ಉಳಿಯುವುದಿಲ್ಲ, ಜೊತೆಗೆ ನಿಮ್ಮ ಕಾಫಿಯೂ ತುಳಿತಕ್ಕೆ ಸಿಗುತ್ತದೆ.

ಗುಂಡಿ ಎರಡಡಿ ಉದ್ದ, ಅಗಲ, ಆಳ. ಬೇಸಿಗೆಯಲ್ಲೇ ತೆಗೆದು ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ ಒಂದು ಬುಟ್ಟಿ ಹಳೇ ಕೊಟ್ಟಿಗೆ ಗೊಬ್ಬರ, ಗೆದ್ದಲು ಇರುವ ಕಡೆ ಕಾಲು ಕಿಲೋ ಬೇವಿನ ಹಿಂಡಿ ಬೆರೆಸಿ. ಮಳೆ ಹಿಡಿದ ಮೊದಲ ಹದಿನೈದು ದಿನದಲ್ಲಿ ನೆಟ್ಟು, ಬುಡಕ್ಕೆ ನಾಲ್ಕಿಂಚು ದರಗು ಮುಚ್ಚಿ, ಕಾಂಡಕ್ಕೆ ತಾಗದಂತೆ. ಸುತ್ತ ಮುಳ್ಳು ಬೇಲಿ ಆರಡಿ. ಮೇಕೆಗೆ ಅರಳಿ ಎಲೆಗಿಂತ ರುಚಿ ಬೇರೆ ಇಲ್ಲ.

ಮೊದಲ ಎರಡು ಬೇಸಿಗೆ ನೀರು ತಪ್ಪಬಾರದು. ವಾರಕ್ಕೆ ಒಂದು ಸಲ 20 ಲೀಟರ್, ಒಂದೇ ಸಲ ನಿಧಾನವಾಗಿ ಇಂಗುವಂತೆ. ದಿನಾ ಒಂದು ಚೊಂಬು ಹಾಕಿದರೆ ಬೇರು ಮೇಲೆಯೇ ಉಳಿದು ಮುಂದೆ ಗಾಳಿಗೆ ವಾಲುತ್ತದೆ. ಮಾಗಡಿ ತಾಲ್ಲೂಕಿನ ಹುಲಿಕಲ್-ಕುದೂರು ರಸ್ತೆಯ 385 ಆಲಗಳು ನಿಂತದ್ದು ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ದೂರದಿಂದ ಹೊತ್ತು ತಂದ ಬಿಂದಿಗೆ ನೀರಿನ ಮೇಲೆ. ನೆಟ್ಟ ಫೋಟೋ ಇದ್ದು ಎರಡನೇ ಬೇಸಿಗೆಯ ನೀರಿಲ್ಲದ ಕಾರ್ಯಕ್ರಮಗಳ ಗಿಡ ಎಲ್ಲಿವೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ಊರ ಅಶ್ವತ್ಥಕಟ್ಟೆ ದುರಸ್ತಿ ಮಾಡಿಸುವವರಿಗೆ ಒಂದು ಮಾತು. ಕಾಂಡಕ್ಕೆ ಒತ್ತಿ ಟೈಲ್ಸ್, ಕಾಂಕ್ರೀಟ್ ಹಾಕಬೇಡಿ. ಸುತ್ತ ನಾಲ್ಕಡಿ ಬರೀ ಮಣ್ಣು ಬಿಡಿ, ಮಿಕ್ಕಿದ್ದಕ್ಕೆ ಸಂದಿ ಬಿಟ್ಟು ಕಲ್ಲು ಹಾಸಿ. ಹಳೇ ಮರದ ಬುಡಕ್ಕೆ ಹೊಸ ಮಣ್ಣು ಎರಡಡಿ ಏರಿಸಿ ಎತ್ತರ ಮಾಡುವುದೂ ಅಷ್ಟೇ ಕೆಟ್ಟದ್ದು, ಬೇರಿಗೆ ಉಸಿರು ಕಟ್ಟುತ್ತದೆ. ಮರ ಸಾಯುವುದು ನಾಲ್ಕೈದು ವರ್ಷ ತಡವಾಗಿ, ಅಷ್ಟು ಹೊತ್ತಿಗೆ ಕಾಂಕ್ರೀಟ್ ಯಾರಿಗೂ ನೆನಪಿರುವುದಿಲ್ಲ.

ಔಷಧಿ ಹೊಡೆಯುವ ದಿನ

ಕಾಫಿಯ ಕಾಂಡಕೊರಕಕ್ಕೋ ಕಾಯಿಕೊರಕಕ್ಕೋ ಕೀಟನಾಶಕ ಹೊಡೆಯುವ ಮುನ್ನ ಪುಸ್ತಕ ನೋಡಿ. 2 ಬರೆದ ಮರ ಯಾವ ವಾರದಲ್ಲೂ ಕಣಜ ಬಿಡಬಹುದು. 1 ಬರೆದ ಮರಕ್ಕೆ ಕಣಜ ಬರುತ್ತಿರಬಹುದು. ಒಂದೆರಡು ದಿನದ ಆಯಸ್ಸಿನ ಹುಳಕ್ಕೆ ಗಾಳಿಯಲ್ಲಿ ತೇಲಿದ ಹನಿ ಸಾಕು. ಅಂಥ ಮರಗಳ ಸುತ್ತ 30 ಮೀಟರ್ ಬಿಡಿ, ಇಲ್ಲವೇ ಎರಡು ವಾರ ಮುಂದೂಡಿ. ಕಣಜ ಹೊರಡುವ ದಿನ ತಿಳಿಯಬೇಕಾದರೆ ಬಲಿತ ಗೊಂಚಲಿಗೆ ತೆಳು ಮಲ್ ಬಟ್ಟೆಯ ಚೀಲ ಕಟ್ಟಿ ಬೆಳಿಗ್ಗೆ ನೋಡಿ. ಕರಿ ಚುಕ್ಕೆಗಳಂತೆ ನೂರಾರು ಕಣಜ ಬಟ್ಟೆಗೆ ಅಂಟಿದ್ದರೆ ಅದೇ ದಿನ. ನೋಡಿದ ತಕ್ಷಣ ಚೀಲ ಬಿಚ್ಚಿ, ಅವಕ್ಕೆ ಸಮಯ ಇಲ್ಲ.

ಹೊಸ ಗಿಡದ ಮೊದಲ ಫಸಲಿಗೆ ಗೂಟದಲ್ಲಿ ಬೇಗ, ಬೀಜದ ಗಿಡದಲ್ಲಿ ಹತ್ತು ವರ್ಷದ ಹತ್ತಿರ ಕಾಯಬೇಕಾದೀತು. ಆ ಮೊದಲ ಕಾಯಿಗಳು ಎಳೆಯವಾಗಿಯೇ ಉದುರಿದರೆ ಮರ ಕೆಟ್ಟಿತೆಂದು ಕಡಿಯಬೇಡಿ. ಕಾಯಿ ಕಡಿಮೆ ಇದ್ದಾಗ ಅದರ ವಾಸನೆಯೂ ಕಡಿಮೆ, ಕಣಜಕ್ಕೆ ದಾರಿ ಸಿಗುವುದು ಕಷ್ಟ. ಉದುರಿದ್ದನ್ನು ಸೀಳಿ ನೋಡಿ, ಪುಸ್ತಕದಲ್ಲಿ ಬರೆದಿಡಿ, ಮುಂದಿನ ಫಸಲಿಗೆ ಮತ್ತೆ ಹತ್ತು ಕಾಯಿ ಸೀಳಿ. ರೆಕ್ಕೆ ಕಳಚಿದ ಒಂದು ಕಣಜ ಒಳಗೆ ಸಿಕ್ಕ ದಿನ ಆ ಮರದ ನಂಬರಿಗೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆಯಿರಿ. ಅಲ್ಲಿಂದ ಅದು ಸರದಿಗೆ ಸೇರಿದ ಮರ.